ಧಾರೆ ಮಂಟಪದಲ್ಲಿ ರಾಕ್ಷಸರಾಜ

ನಾನು ನಿವೃತ್ತನಾದಾಗ ನನಗೆ ಮೂವತ್ತೊಂದು ವರ್ಷ. ನಗಬೇಡಿ. ಒಂಬತ್ತು ವರ್ಷ ಮದುವೆ ವಿಡಿಯೋ ಎಡಿಟ್ ಮಾಡಿದವನ ಬೆನ್ನನ್ನೂ ಕಣ್ಣನ್ನೂ ಯಾವ ಡಾಕ್ಟರ ಮುಂದಿಟ್ಟರೂ ಅವರು ವಯಸ್ಸು ಅರುವತ್ತು ಎಂದೇ ಬರೆದುಕೊಳ್ಳುತ್ತಾರೆ. ಹಾಸನದಲ್ಲಿ, ಬೇಕರಿಯೊಂದರ ಮೇಲಿನ ಮಹಡಿಯಲ್ಲಿ, ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ಈ ಜಿಲ್ಲೆಯ ಅದೆಷ್ಟೋ ಜೋಡಿಗಳಿಗೆ ನಾನು ತಾಳಿ ಕಟ್ಟಿಸಿದ್ದೇನೆ. ಬೇಕಾದಾಗ ನಿಲ್ಲಿಸಿದ್ದೇನೆ, ಹಿಂದಕ್ಕೆ ಓಡಿಸಿದ್ದೇನೆ, ಕಟ್ಟಿದ್ದನ್ನು ಬಿಚ್ಚಿಸಿ ಮತ್ತೆ ಕಟ್ಟಿಸಿದ್ದೇನೆ. ನಾನು ಹೆಣ್ಣು ನೋಡಲು ಹೋದ ಮನೆಗಳಲ್ಲೆಲ್ಲ ಒಂದಲ್ಲ ಒಂದು ವಿಡಿಯೋ ನನ್ನ ಕೈಯಿಂದಲೇ ಆಗಿರುತ್ತಿತ್ತು. ಹಾಗಾಗಿ ನನಗಿನ್ನೂ ಮದುವೆಯಾಗಿಲ್ಲ.

ಈಗ ಊರಲ್ಲಿ ಅಪ್ಪನ ಹಿಟ್ಟಿನ ಗಿರಣಿ ನೋಡಿಕೊಳ್ಳುತ್ತಿದ್ದೇನೆ. ರಾಗಿ ಬೀಸಿಸಲು ಬರುವವರಲ್ಲಿ ಆಗಾಗ ಒಬ್ಬರು, ನಮ್ಮ ಮಗನೂ ಎಡಿಟಿಂಗ್ ಕೆಲಸಕ್ಕೆ ಸೇರುತ್ತಾನಂತೆ, ಏನಾದರೂ ಬುದ್ಧಿ ಹೇಳಪ್ಪ ಅನ್ನುತ್ತಾರೆ. ಸಾಫ್ಟ್‌ವೇರ್ ಕಲಿಸುವವರು ಮೊಬೈಲಿನಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ತಪ್ಪು ಮಾಡುವುದನ್ನು ಕಲಿಸುವವರು ಕಡಿಮೆ. ಆ ಒಂದು ವಿಷಯದಲ್ಲಿ ನನ್ನ ಸರ್ವೀಸ್ ರೆಕಾರ್ಡು ಬಹಳ ಚೆನ್ನಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಸೇರಿದ ಕಾಲಕ್ಕೆ ಎಡಿಟಿಂಗ್ ಅಂದರೆ ಹೂವು. ಗಂಡುಹೆಣ್ಣು ತಾವರೆಯೊಳಗಿಂದ ಎದ್ದು ಬರಬೇಕು, ಹೃದಯದೊಳಗೆ ನಿಂತು ನಗಬೇಕು, ಮೇಲಿಂದ ಗುಲಾಬಿ ದಳ ಉದುರಬೇಕು. ನಮ್ಮ ಸ್ಟುಡಿಯೋ ಯಜಮಾನರು ಪುಟ್ಟರಾಜಣ್ಣ. ಹೊಳೆನರಸೀಪುರದವರು, ದಿನಾ ಬಸ್ಸಿನಲ್ಲಿ ಹಾಸನಕ್ಕೆ ಬಂದು ಹೋಗುತ್ತಿದ್ದರು. ನಾನು ಮೊದಲ ಸಲ ಏನೂ ಅಲಂಕಾರವಿಲ್ಲದೆ ಒಂದು ನಾಮಕರಣ ಎಡಿಟ್ ಮಾಡಿ ತೋರಿಸಿದಾಗ ಅವರು ಕೊನೆಯವರೆಗೂ ನೋಡಿ ಒಂದೇ ಮಾತು ಹೇಳಿದರು.

"ಇದು ವೀಡಿಯೋ ಅಲ್ಲ ಕಣ್ಲಾ ಮಂಜ. ಸಿಸಿ ಕ್ಯಾಮ್ರಾ."

ಆ ಮಾತು ಮನಸ್ಸಿಗೆ ಎಷ್ಟು ನಾಟಿತೆಂದರೆ, ಮುಂದಿನ ವಾರ ಅರುವತ್ತು ತುಂಬಿದ ಹಿರಿಯರೊಬ್ಬರ ಶಾಂತಿಯ ವಿಡಿಯೋದಲ್ಲಿ ಗುಲಾಬಿ ದಳದ ವೇಗವನ್ನು ಪೂರ್ತಿ ಮೇಲಕ್ಕೇರಿಸಿಬಿಟ್ಟೆ. ಆಲಿಕಲ್ಲಿನ ಹಾಗೆ ಗುಲಾಬಿ ಬಿದ್ದವು. ಆ ಹಿರಿಯರು ಅಸಲಿಗೆ ಹೋಮದ ಹೊಗೆಗೆ ಕಣ್ಣು ಕಿರಿದು ಮಾಡಿ ತಲೆ ಬಗ್ಗಿಸಿದ್ದರು. ವಿಡಿಯೋದಲ್ಲಿ ಮಾತ್ರ ಗುಲಾಬಿ ಏಟಿನಿಂದ ತಪ್ಪಿಸಿಕೊಳ್ಳುತ್ತಿರುವಂತೆ ಕಂಡಿತು. ಅವರ ಮನೆಯವರು ಒಳ್ಳೆಯವರು. ಅಷ್ಟು ಹೂವು ಹಾಕಿದ್ದಕ್ಕೆ ಥ್ಯಾಂಕ್ಸ್ ಹೇಳಿ ಕಳಿಸಿದರು.

ಆಮೇಲೆ ಕಾಲ ಬದಲಾಯಿತು. ತಾವರೆ ಹೋಯಿತು, ಡ್ರೋನ್ ಬಂತು. ಸಿಡಿ ಹೋಗಿ ಪೆನ್‌ಡ್ರೈವ್ ಬಂತು. ಮೂರು ಗಂಟೆಯ ಮದುವೆ ನೋಡಲು ಯಾರಿಗೂ ಪುರುಸೊತ್ತಿಲ್ಲ, ನಲವತ್ತು ನಿಮಿಷದಲ್ಲಿ ಎಲ್ಲ ಮುಗಿಯಬೇಕು ಅಂದರು. ನಾನೂ ಸ್ವಲ್ಪ ಪಳಗಿದೆ. ಪಳಗಿದೆ ಎಂದುಕೊಂಡ ಮೇಲೆಯೇ ಈಗ ಹೇಳುವ ವಾರ ಬಂದದ್ದು.

ಪುಟ್ಟರಾಜಣ್ಣನ ಒಬ್ಬಳೇ ಮಗಳು ರಂಜಿತಾಳ ಮದುವೆ. ಗಂಡು ಅರಕಲಗೂಡು ತಾಲ್ಲೂಕಿನ ರಾಮನಾಥಪುರದವನು, ಹೊಗೆಸೊಪ್ಪು ಬೆಳೆಯುವ ಮನೆ. ಮದುವೆ ಹೊಳೆನರಸೀಪುರದ ಛತ್ರದಲ್ಲಿ. ಇಪ್ಪತ್ತು ವರ್ಷ ಬೇರೆಯವರ ಮಕ್ಕಳ ಧಾರೆ ಹಿಡಿದ ಮನುಷ್ಯ ಅವತ್ತು ತಾನೇ ಧಾರೆ ಎರೆಯಬೇಕಾದ್ದರಿಂದ ಕ್ಯಾಮೆರಾ ಮುಟ್ಟುವ ಹಾಗಿರಲಿಲ್ಲ. ಬೆಳಗ್ಗೆ ಪಂಚೆ ಉಟ್ಟು ಬಂದು ಕ್ಯಾಮೆರಾವನ್ನು ನನ್ನ ಕೈಗಿಟ್ಟರು. ಮಗಳನ್ನು ಅಳಿಯನಿಗೆ ಒಪ್ಪಿಸುವಾಗಲೂ ಅವರ ಕಣ್ಣು ಅಷ್ಟು ಒದ್ದೆಯಾಗಿರಲಿಲ್ಲ.

ಧಾರೆಯ ಹೊತ್ತಿಗೆ ಮಂಟಪದ ಸುತ್ತ ಜನ ಮುತ್ತಿಕೊಂಡರು. ಸರಿಯಾಗಿ ನನ್ನ ಕ್ಯಾಮೆರಾದ ಮುಂದೆ ಒಬ್ಬ ಹಿರಿಯ ಹೆಂಗಸು ಬಂದು ನಿಂತರು. ಹಸಿರು ರೇಷ್ಮೆ ಸೀರೆ, ಅಗಲವಾದ ಬೆನ್ನು. ಮದುಮಗ, ಮದುಮಗಳು, ಪುರೋಹಿತರು ಎಲ್ಲ ಆ ಬೆನ್ನಿನ ಹಿಂದೆ ಮುಳುಗಿಹೋದರು. ನಾನು ಕ್ಯಾಮೆರಾದ ಹಿಂದಿನಿಂದ, ಪುಟ್ಟರಾಜಣ್ಣ ಸಾವಿರ ಸಲ ಅಂದದ್ದನ್ನು ವಿಡಿಯೋಗಳಲ್ಲಿ ಕೇಳಿದ್ದ ಹಾಗೆಯೇ, "ಅಮ್ಮಾ, ಒಸಿ ಸೈಡಿಗೋಗಿ" ಅಂದೆ. ಅವರು ತಿರುಗಿ ನನ್ನನ್ನು ನೋಡಿದರು. ಸೈಡಿಗೆ ಹೋದರು. ಅಲ್ಲಿಂದ ಇನ್ನೂ ಸೈಡಿಗೆ ಹೋದರು. ಕೊನೆಯ ಸಾಲಿನಲ್ಲಿ, ಗೋಡೆಯ ಪಕ್ಕ, ಫ್ಯಾನಿನ ಕೆಳಗೆ ಕೂತುಬಿಟ್ಟರು.

ಅವರೇ ನಿಂಗಮ್ಮನವರು. ಮದುಮಗನ ತಂದೆಯ ಅಕ್ಕ, ಅಂದರೆ ಗಂಡಿಗೆ ಸೋದರತ್ತೆ. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಯಲ್ಲೇ ಇದ್ದು, ಆ ಮನೆಯ ಬೀಗದ ಕೈಯಿಂದ ಹಿಡಿದು ಮನೆಯವರ ಬಾಯಿಯವರೆಗೆ ಎಲ್ಲವನ್ನೂ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದವರು. ಇದೆಲ್ಲ ನನಗೆ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು, ಕೊನೆ ಸಾಲಿನಲ್ಲಿ ಒಬ್ಬರು ಮುಖ ಊದಿಸಿಕೊಂಡು ಲಗ್ನಪತ್ರಿಕೆಯಲ್ಲಿ ಗಾಳಿ ಬೀಸಿಕೊಳ್ಳುತ್ತಿದ್ದಾರೆ ಎನ್ನುವುದಷ್ಟೇ. ತಲೆ ಮೇಲೆ ಫ್ಯಾನ್ ತಿರುಗುತ್ತಿದ್ದರೂ ಬೀಸಿಕೊಳ್ಳುತ್ತಿದ್ದರು. ನೋಡಲು ತಮಾಷೆಯಾಗಿತ್ತು. ಸ್ಟುಡಿಯೋದಲ್ಲಿ ತೋರಿಸಿ ನಗೋಣವೆಂದು ನನ್ನ ಮೊಬೈಲಿನಲ್ಲಿ ಕದ್ದು ಹನ್ನೊಂದು ಸೆಕೆಂಡ್ ಹಿಡಿದುಕೊಂಡೆ. ಬೀಸಿಕೊಳ್ಳುತ್ತಾರೆ, ಒಮ್ಮೆ ಗಂಭೀರವಾಗಿ ಮಂಟಪದ ಕಡೆ ನೋಡುತ್ತಾರೆ, ಒಮ್ಮೆ ತಲೆಯಾಡಿಸುತ್ತಾರೆ. ಅಷ್ಟೇ.

ಮದುವೆಯಾಗಿ ಎರಡು ದಿನಕ್ಕೆ ರಂಜಿತಾ ಅಪ್ಪನಿಗೆ ಫೋನ್ ಮಾಡಿದಳು. ಪುಟ್ಟರಾಜಣ್ಣ ಸ್ಪೀಕರ್ ಹಾಕಿಕೊಂಡೇ ಮಾತಾಡುವವರಾದ್ದರಿಂದ ನನಗೂ ಕೇಳಿಸಿತು. ಅತ್ತೆಮ್ಮ, ಅಂದರೆ ನಿಂಗಮ್ಮನವರು, ಅವಳ ಹತ್ತಿರ ಮಾತಾಡುತ್ತಿಲ್ಲವಂತೆ. ಅವಳು ಕೊಟ್ಟ ಕಾಫಿ ಮುಟ್ಟುತ್ತಿಲ್ಲವಂತೆ. ಭಾನುವಾರ ಮನೆಯಲ್ಲಿ ಬೀಗರ ಊಟ. ಹೆಣ್ಣಿನ ಕಡೆಯವರೆಲ್ಲ ಬರುವ ಆ ದಿನ ತಾನು ಮನೆಯಲ್ಲೇ ಇರುವುದಿಲ್ಲ, ಕೊಣನೂರಿಗೆ ಹೋಗಿಬಿಡುತ್ತೇನೆ ಎಂದಿದ್ದಾರಂತೆ.

"ಹೆಣ್ಣಿನ ಕಡೆಯೋರು ನನ್ನ ಸೈಡಿಗಾಕಿದ್ರು ಅಂತ ಎಲ್ರ ಹತ್ರಾನೂ ಹೇಳ್ತಾವ್ರಪ್ಪ," ಅಂದಳು ರಂಜಿತಾ. "ಯಾರು ಹಾಕಿದ್ದು ಅಂತ ನಂಗೊತ್ತಿಲ್ಲ. ಬೈಸ್ಕೊಳ್ಳೋಳು ನಾನು."

ಯಾರು ಹಾಕಿದ್ದು ಎಂದು ಗೊತ್ತಿದ್ದವನು ಎರಡಡಿ ದೂರದಲ್ಲಿ ಕೂತು ಪಫ್ಸ್ ತಿನ್ನುತ್ತಿದ್ದ. ನುಂಗಲಾಗಲಿಲ್ಲ. ಪುಟ್ಟರಾಜಣ್ಣ ಫೋನಿಟ್ಟ ಮೇಲೆ ನಾನೇ ಒಪ್ಪಿಕೊಂಡೆ. ಅವರು ಬೈಯಲಿಲ್ಲ. ಬೈದಿದ್ದರೆ ಪಫ್ಸ್ ಒಳಗೆ ಹೋಗುತ್ತಿತ್ತು. ಮಗಳು ಹೊಸ ಮನೆಯಲ್ಲಿ ಮೊದಲ ವಾರವೇ ಹೀಗೆ ನಿಂತಿದ್ದಾಳೆ ಎಂಬುದು ಅವರ ಮುಖದಲ್ಲಿ ಕಂಡಿತು. ರಾಮನಾಥಪುರಕ್ಕೆ ತಾವೇ ಫೋನ್ ಮಾಡಿ, ನಿಂಗಮ್ಮನವರನ್ನೇ ಕರೆಸಿ, ಮದುವೆ ವಿಡಿಯೋ ಭಾನುವಾರ ದೊಡ್ಡ ಪರದೆ ಮೇಲೆ ಹಾಕಿಸುತ್ತೇನೆ, ಅದರಲ್ಲಿ ನಿಮ್ಮದೇ ಮುಖ್ಯ, ನೀವು ನೋಡದಿದ್ದರೆ ಹೇಗೆ ಅಂದರು. ಆ ಕಡೆಯಿಂದ, ನೋಡೋಣ ಎಂಬ ಉತ್ತರ ಬಂತು.

ಫೋನಿಟ್ಟು ನನ್ನ ಕಡೆ ತಿರುಗಿದರು. "ಅವ್ರು ಇರೋ ಶಾಟೆಲ್ಲಾ ಹಾಕ್ಬುಡು. ಎಷ್ಟವೆ?"

"ಒಂದು," ಅಂದೆ. ಅದು ಎಲ್ಲಿಂದ ಬಂತೆಂದು ಹೇಳಲಿಲ್ಲ.

ಇಷ್ಟು ಮುಖ್ಯವಾದ ಕೆಲಸ, ಇಷ್ಟು ಕಡಿಮೆ ದಿನ. ಇಂಥ ವಾರದ ಮೊದಲ ದಿನ ಬುದ್ಧಿಯಿರುವ ಎಡಿಟರ್ ಏನು ಮಾಡುತ್ತಾನೆ? ಕೆಲಸ ಶುರು ಮಾಡುತ್ತಾನೆ. ನಾನು ಸಾಫ್ಟ್‌ವೇರ್ ಅಪ್‌ಗ್ರೇಡ್ ಮಾಡಿದೆ. ಯಜಮಾನರ ಮಗಳ ಮದುವೆ, ಹೊಸ ವರ್ಷನ್‌ನಲ್ಲೇ ಮಾಡೋಣ ಎಂಬ ಭಕ್ತಿ. ಅದು ನಡುನಡುವೆ ಏನೇನೋ ಕೇಳಿತು. ಹಳೆಯದನ್ನೆಲ್ಲ ಹೊಸದಕ್ಕೆ ಬದಲಾಯಿಸಲೇ, ಓಕೆ. ನಕಲುಗಳನ್ನು ಈ ಫೋಲ್ಡರಿನಲ್ಲಿ ಇಡಲೇ, ಓಕೆ. ಅದೇನು ಕೇಳಿತೋ ಓದದೆ ಎಲ್ಲದಕ್ಕೂ ಓಕೆ ಒತ್ತಿದೆ. ಅಷ್ಟು ವಿಧೇಯನಾಗಿ ನಾನು ನಮ್ಮಪ್ಪನ ಮಾತಿಗೂ ತಲೆಯಾಡಿಸಿಲ್ಲ.

ಮೂರು ದಿನ ಎಡಿಟ್ ಮಾಡಿದೆ. ಕಂಪ್ಯೂಟರಿನಲ್ಲಿ ಓಡಿಸಿ ನೋಡಿದರೆ ಎಲ್ಲ ಚೆನ್ನಾಗಿತ್ತು. ಗುರುವಾರ ಬೆಳಗ್ಗೆ ಎಕ್ಸ್‌ಪೋರ್ಟ್‌ಗೆ ಹಾಕಿದೆ. ತುಂಡುತುಂಡಾಗಿ ಜೋಡಿಸಿದ್ದನ್ನೆಲ್ಲ ಸೇರಿಸಿ ಒಂದೇ ವಿಡಿಯೋ ಆಗಿ ಹೊರತೆಗೆಯುವುದಕ್ಕೆ ಹಾಗೆನ್ನುತ್ತೇವೆ. ಹೊರಬಂದದ್ದನ್ನು ಟಿವಿಗೆ ಹಾಕಿ ಪುಟ್ಟರಾಜಣ್ಣನನ್ನು ಕರೆದು ಕೂರಿಸಿದೆ. ಛತ್ರದ ಬಾಗಿಲು ಬಂತು, ತೋರಣ ಬಂತು. ಹಾರ ಬದಲಾಯಿಸುವ ಗಳಿಗೆ. ರಂಜಿತಾ ನಾಚಿಕೊಂಡು ಎರಡೂ ಕೈಯಲ್ಲಿ ಹಾರ ಎತ್ತಿದಳು. ಎತ್ತಿದ ಹಾರ ಮುಂದಕ್ಕೆ ಹೋಯಿತು. ಆ ಹಾರ ಹಾಕಿಕೊಂಡು ನಿಂತಿದ್ದವನು ಮದುಮಗನಲ್ಲ. ಕಿರೀಟ, ಭುಜಕೀರ್ತಿ, ಕಿವಿಯವರೆಗೆ ತಿರುಗಿದ ಮೀಸೆ, ಹೆಗಲ ಮೇಲೆ ಗದೆ. ಒಂದೂವರೆ ಸೆಕೆಂಡ್ ಗಹಗಹಿಸಿ ನಕ್ಕು ಮಾಯವಾದ.

ಪುಟ್ಟರಾಜಣ್ಣ ಕುರ್ಚಿಯಿಂದ ಏಳಲಿಲ್ಲ. ಬಹಳ ಮೆಲ್ಲಗೆ ಕೇಳಿದರು.

"ಅಳಿಯಂದ್ರು ಎಲ್ಲೋದ್ರು ಲಾ?"

ಆ ರಾಕ್ಷಸರಾಜ ಯಾರೆಂದು ಇಬ್ಬರಿಗೂ ಗೊತ್ತಿತ್ತು. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯ ಕಡೆಯ ಕಂಡಕ್ಟರ್ ಚಂದ್ರಣ್ಣ. ಮದುವೆಗೆ ಒಂದು ವಾರ ಮುಂಚೆ ಅವರ ಊರಿನವರು ಪೌರಾಣಿಕ ನಾಟಕ ಆಡಿದ್ದರು, ನಾವೇ ಶೂಟ್ ಮಾಡಿದ್ದೆವು. ನಮ್ಮ ಕಡೆಯ ನಾಟಕಗಳನ್ನು ನೋಡದವರಿಗೆ ಒಂದು ವಿಷಯ ಹೇಳಬೇಕು. ರಾಜ ಹಾಡುತ್ತಿರಲಿ, ಅಳುತ್ತಿರಲಿ, ಶತ್ರುವಿನ ತಲೆ ಕಡಿಯುತ್ತಿರಲಿ, ನಡುವೆಯೇ ಅವನ ಷಡ್ಡಕನೋ ಭಾವಮೈದುನನೋ ಸ್ಟೇಜು ಹತ್ತಿ ಹಾರ ಹಾಕುತ್ತಾನೆ. ರಾಜ ಗದೆಯನ್ನು ಪಕ್ಕಕ್ಕಿಟ್ಟು ಹಾರ ಹಾಕಿಸಿಕೊಂಡು, ಕ್ಯಾಮೆರಾ ನೋಡಿ ಕೈಮುಗಿದು, ಮತ್ತೆ ಗದೆ ಎತ್ತಿ ಕೊಲ್ಲುವುದನ್ನು ಮುಂದುವರಿಸುತ್ತಾನೆ. ಚಂದ್ರಣ್ಣನ ರೂಟಿನ ಬಸ್ಸಿನಲ್ಲಿ ಓಡಾಡುವವರೆಲ್ಲ ಹಾರ ತಂದಿದ್ದರು. ಅಷ್ಟೂ ಹಾರಗಳು ಈಗ ರಂಜಿತಾಳ ಮದುವೆಯೊಳಕ್ಕೆ ಬಂದಿದ್ದವು.

ಮುಂದೆ ಓಡಿಸಿದೆವು. ಧಾರೆ ಎರೆಯುವಾಗ ಬಂದ. ತಾಳಿಯ ಗಟ್ಟಿಮೇಳಕ್ಕೆ ಸರಿಯಾಗಿ ಬಂದ. ಹಿರಿಯರ ಕಾಲಿಗೆ ಬೀಳುವಾಗ ಬಂದು ಆಶೀರ್ವಾದವನ್ನೂ ಮಾಡಿದ. ಕೆಲವು ಕಡೆ ಅರ್ಧ ಸೆಕೆಂಡ್, ಕೆಲವು ಕಡೆ ಎರಡು. ಬೆರಳು ಮಡಿಚಿ ಎಣಿಸಿದೆ. ಒಟ್ಟು ನಲವತ್ತೊಂದು ಕಡೆ.

"ನಾಳಿದ್ದು ಬಿಟ್ರೆ ಆಚೆ ನಾಳಿದ್ದು," ಎಂದಷ್ಟೇ ಹೇಳಿ ಪುಟ್ಟರಾಜಣ್ಣ ಎದ್ದು ಹೋದರು. ಭಾನುವಾರದ ಲೆಕ್ಕ ಅದು.

ಇಲ್ಲಿಂದ ನಾನು ಮಾಡಿದ ರಿಪೇರಿಗಳನ್ನು ಹೊಸಬರು ಗಮನವಿಟ್ಟು ಓದಬೇಕು, ಇವುಗಳಲ್ಲಿ ಒಂದನ್ನೂ ಮಾಡದಿರಲು. ಕಂಪ್ಯೂಟರ್ ಆರಿಸಿ ಹಾಕಿದೆ. ಅದರ ಹಿಂಬದಿ ಬಿಚ್ಚಿ ಬಾಯಲ್ಲಿ ಊದಿ, ಅಷ್ಟು ವರ್ಷದ ಬೇಕರಿ ಮೈದಾವನ್ನೆಲ್ಲ ಮೂಗಿಗೆ ತೆಗೆದುಕೊಂಡೆ. ಟಿವಿಯದ್ದೇ ದೋಷವಿರಬಹುದೆಂದು ಪೆನ್‌ಡ್ರೈವನ್ನು ಕೆಳಗಿನ ಬೇಕರಿಯ ಟಿವಿಗೆ ಹಾಕಿಸಿ ನೋಡಿದೆ. ದಿಲ್‌ಪಸಂದ್ ತಿನ್ನುತ್ತಿದ್ದ ನಾಲ್ಕು ಜನರ ಮುಂದೆ ಚಂದ್ರಣ್ಣ ಅಲ್ಲೂ ಬಂದ. ಅವರಲ್ಲೊಬ್ಬರು, ಯಾವ ಚಾನೆಲಪ್ಪ ಇದು, ಚೆನ್ನಾಗೈತೆ ಅಂದರು.

ಎಕ್ಸ್‌ಪೋರ್ಟಿನ ನಮೂನೆಗಳನ್ನೆಲ್ಲ ಬದಲಾಯಿಸಿ ಬದಲಾಯಿಸಿ ಆರು ಸಲ ಹೊರತೆಗೆದೆ. ಒಂದರಲ್ಲಿ ಚಂದ್ರಣ್ಣ ಸ್ವಲ್ಪ ಮಸುಕಾದ. ಇನ್ನೊಂದರಲ್ಲಿ ಮೊದಲಿಗಿಂತ ಸ್ಪಷ್ಟವಾದ. ಹಳೆಯ ವರ್ಷನ್‌ಗೆ ವಾಪಸು ಹೋಗೋಣವೆಂದು ಅದನ್ನು ಹಾಕಿದರೆ, ಹೊಸದರಲ್ಲಿ ಮಾಡಿದ ಫೈಲನ್ನು ತಾನು ತೆರೆಯುವುದಿಲ್ಲ ಎಂದು ಅದು ಖಡಾಖಂಡಿತವಾಗಿ ಹೇಳಿತು. ಮೂರು ದಿನದ ಕೆಲಸ ಹೊಸ ಮನೆಗೆ ಸೇರಿಹೋಗಿತ್ತು.

ಜಿಲ್ಲೆಯ ಎಡಿಟರುಗಳಲ್ಲೆಲ್ಲ ಬುದ್ಧಿವಂತ ಅಂದರೆ ಚನ್ನರಾಯಪಟ್ಟಣದ ಲೋಕಿ. ನನ್ನ ಜೊತೆಯಲ್ಲೇ ಕೆಲಸ ಕಲಿತವನು. ಶುಕ್ರವಾರ ಬೆಳಗ್ಗೆಯ ಬಸ್ಸು ಹತ್ತಿದೆ. ಎಡಿಟಿಂಗ್ ಫೈಲನ್ನಷ್ಟೇ ತುಂಬಿದ ಪೆನ್‌ಡ್ರೈವನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿ, ಅಂಗಿಯೊಳಗೆ ಬಿಟ್ಟುಕೊಂಡು, ದಾರಿಯುದ್ದಕ್ಕೂ ಎದೆ ಮುಟ್ಟಿ ಮುಟ್ಟಿ ನೋಡಿಕೊಂಡೆ. ಪಕ್ಕದಲ್ಲಿ ಕೂತಿದ್ದ ಅಜ್ಜಿ, ಯಾಕಪ್ಪ ಎದೆನೋವಾ ಎಂದು ಕೇಳಿ ಶುಂಠಿ ಪೆಪ್ಪರಮೆಂಟು ಕೊಟ್ಟರು.

ಲೋಕಿ ತನ್ನ ಕಂಪ್ಯೂಟರಿನಲ್ಲಿ ಫೈಲು ತೆರೆದ. ಪರದೆ ತುಂಬ ಕೆಂಪು. ಮಂಟಪವಿಲ್ಲ, ಮದುವೆಯಿಲ್ಲ, ರಾಕ್ಷಸನೂ ಇಲ್ಲ.

"ಲೇ, ವೀಡಿಯೋಗಳೆಲ್ಲಿ?" ಅಂದ.

"ಅದ್ರೊಳಗೇ ಅವೆ."

"ಇದ್ರೊಳಗೆ ಏನೂ ಇಲ್ಲ ಕಣ್ಲಾ. ಯಾವ ಶಾಟ್ ಆದ್ಮೇಲೆ ಯಾವ್ದು ಅಂತ ಬರ್ಕೊಂಡಿರೋ ಚೀಟಿ ಇದು. ಶಾಟ್‌ಗಳು ನಿನ್ ಹಾಸನದ ಸಿಸ್ಟಮ್‌ನಾಗವೆ."

ಒಂಬತ್ತು ವರ್ಷ ಈ ಕೆಲಸ ಮಾಡಿದವನು ಛತ್ರವನ್ನು ಹಾಸನದಲ್ಲಿ ಬಿಟ್ಟು ಲಗ್ನಪತ್ರಿಕೆಯೊಂದನ್ನು ಕೊರಳಿಗೆ ಕಟ್ಟಿಕೊಂಡು ಬಂದಿದ್ದೆ. ಲೋಕಿ ನಕ್ಕ. ನಕ್ಕು ಮುಗಿಸಿ, ಹೋಗಲಿ ಏನು ತೊಂದರೆ ಬಾಯಲ್ಲೇ ಹೇಳು ಅಂದ. ಆಗಲಾದರೂ ಇದ್ದದ್ದನ್ನು ಇದ್ದ ಹಾಗೆ ಹೇಳಬಹುದಿತ್ತು. ಆದರೆ ಪುಟ್ಟರಾಜಣ್ಣನ ಮಗಳು ಕಂಡಕ್ಟರಿಗೆ ಹಾರ ಹಾಕಿದಳು ಎಂದು ಇವನಿಗೆ ಹೇಳಿದರೆ, ನಾನು ಬಸ್ ಸ್ಟ್ಯಾಂಡ್ ಮುಟ್ಟುವುದರೊಳಗೆ ಜಿಲ್ಲೆಯ ಎಡಿಟರುಗಳ ಗ್ರೂಪಿನಲ್ಲೆಲ್ಲ ಅದೇ ಸುದ್ದಿಯಾಗುತ್ತದೆ. ಯಜಮಾನರ ಮಾನ ಉಳಿಸಬೇಕೆಂದು ಸುಳ್ಳು ಹೇಳಿದೆ.

"ಹಸಿರು ಗೆರೆ ಬರ್ತಾವೆ ಮಗಾ."

ಪಾಪ, ಅವನು ಹಸಿರು ಗೆರೆಗೆ ಇರುವ ಔಷಧಿಯನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಟ್ಟ. ಗ್ರಾಫಿಕ್ಸ್ ಕಾರ್ಡಿನ ಡ್ರೈವರ್ ತೆಗೆದು ಹಾಕು, ಹಾಗೆ ಮಾಡು, ಹೀಗೆ ಮಾಡು. ಹೊಟ್ಟೆನೋವಿನವನು ಹಲ್ಲುನೋವೆಂದು ಹೇಳಿ ಮದ್ದು ಇಸಿದುಕೊಂಡ ಹಾಗಾಯಿತು. ಹಾಸನಕ್ಕೆ ಬಂದು ಅದಷ್ಟನ್ನೂ ಚಾಚೂತಪ್ಪದೆ ಮಾಡಿದೆ. ಚಂದ್ರಣ್ಣನ ಮೀಸೆಯ ಒಂದು ಕೂದಲೂ ಅಲುಗಲಿಲ್ಲ.

ಶನಿವಾರ. ಪುಟ್ಟರಾಜಣ್ಣ ಬಂದು ಬಾಗಿಲಲ್ಲೇ ನಿಂತು, ನಿಂಗಮ್ಮನವರು ಕೊಣನೂರಿಗೆ ಹೋಗುವುದನ್ನು ನಿಲ್ಲಿಸಿದ್ದಾರಂತೆ, ವಿಡಿಯೋ ನೋಡಲು ಇರುತ್ತಾರಂತೆ ಅಂದರು. ಒಳ್ಳೆಯ ಸುದ್ದಿಯನ್ನು ಅಷ್ಟು ಕೆಟ್ಟ ಮುಖದಲ್ಲಿ ಯಾರೂ ಹೇಳಿರಲಾರರು. ಈಗ ವಿಡಿಯೋ ಇಲ್ಲವೆಂದರೆ ಅವರನ್ನು ಎರಡನೇ ಸಲ ಸೈಡಿಗೆ ಹಾಕಿದಂತೆ. ಅದನ್ನು ಅನುಭವಿಸುವವಳು ರಂಜಿತಾ.

ರಿಪೇರಿ ಆಗದಿದ್ದಾಗ ನಮ್ಮ ಕಸುಬಿನಲ್ಲಿ ಉಳಿಯುವುದು ತೇಪೆ. ಕೆಟ್ಟ ಜಾಗದ ಮೇಲೆ ಇನ್ನೊಂದು ಶಾಟ್ ಹೊದೆಸುವುದು. ಗಟ್ಟಿಮೇಳದ ಶಬ್ದ ಹಾಗೇ ಇರುತ್ತದೆ, ಮೇಲೆ ಮಾತ್ರ ಹೂವನ್ನೋ ದೀಪವನ್ನೋ ನಗುವ ಮುಖವನ್ನೋ ತೋರಿಸುವುದು. ದೀಪ ಹೊದೆಸಿ ಎಕ್ಸ್‌ಪೋರ್ಟ್ ಮಾಡಿದೆ. ದೀಪದೊಳಗಿಂದ ಚಂದ್ರಣ್ಣ ಬಂದ. ಹೂವು ಹೊದೆಸಿದರೆ ಹೂವಿನೊಳಗಿಂದ ಬಂದ. ಕ್ಯಾಮೆರಾದಲ್ಲಿ ಹಿಡಿದ ಯಾವ ಶಾಟ್ ಹಾಕಿದರೂ ಅವನು ಹಾಜರು. ಕೊನೆಗೆ ಒಂದೇ ಒಂದು ಶಾಟ್‌ನಲ್ಲಿ ಅವನು ಬರಲಿಲ್ಲ. ನನ್ನ ಮೊಬೈಲಿನಲ್ಲಿ ಹಿಡಿದಿದ್ದ ನಿಂಗಮ್ಮನವರದು.

ಈ ಒಂದರಲ್ಲಿ ಮಾತ್ರ ಯಾಕೆ ಬರುವುದಿಲ್ಲ ಎಂದು ಕೇಳಿಕೊಳ್ಳುವ ಬುದ್ಧಿ ನನಗಿದ್ದಿದ್ದರೆ ರೋಗವೇ ಸಿಕ್ಕಿಬಿಡುತ್ತಿತ್ತು. ನಾನು ಕೇಳಿಕೊಂಡದ್ದು ಬೇರೆ. ಹನ್ನೊಂದು ಸೆಕೆಂಡನ್ನು ನಲವತ್ತೊಂದು ಜಾಗಕ್ಕೆ ಹಂಚುವುದು ಹೇಗೆ? ಬೀಸಿಕೊಳ್ಳುವುದು, ನೋಡುವುದು, ತಲೆಯಾಡಿಸುವುದು. ಇವನ್ನೇ ಕತ್ತರಿಸಿ, ಹಿಂದುಮುಂದು ಮಾಡಿ, ಒಂದೆರಡು ಕಡೆ ಮುಖವನ್ನು ದೊಡ್ಡದು ಮಾಡಿ, ಎಲ್ಲ ಕಡೆ ಹೊದೆಸಿದೆ. ರಾಕ್ಷಸ ಪೂರ್ತಿ ಮಾಯವಾದ. ಪುಟ್ಟರಾಜಣ್ಣನಿಗೆ ಅದನ್ನು ತೋರಿಸಲಿಲ್ಲ. ಸರಿಹೋಯಿತಾ ಅಂದರು, ಸರಿಹೋಯಿತು ಅಂದೆ.

ಭಾನುವಾರ ಬೆಳಗ್ಗೆ ಹನ್ನೊಂದಕ್ಕೆಲ್ಲ ರಾಮನಾಥಪುರದ ಆ ಮನೆಯ ಅಂಗಳದಲ್ಲಿ ಶಾಮಿಯಾನ ತುಂಬಿತ್ತು. ಹಿಂದೆ ಒಲೆ ಮೇಲೆ ದೊಡ್ಡ ಹಂಡೆಗಳಲ್ಲಿ ಮಾಂಸದ ಸಾರು ಕುದಿಯುತ್ತಿತ್ತು, ಮುಂದೆ ದೊಡ್ಡ ಪರದೆ. ಊಟಕ್ಕೆ ಮುಂಚೆ ವಿಡಿಯೋ ಎಂದು ಎಲ್ಲರನ್ನೂ ಕೂರಿಸಿದ್ದರು. ಮೊದಲ ಸಾಲಿನ ನಡುವಿನ ಕುರ್ಚಿಯಲ್ಲಿ ನಿಂಗಮ್ಮನವರು, ಅದೇ ಹಸಿರು ಸೀರೆ. ಅವರ ಪಕ್ಕ ಅವರ ತಮ್ಮ, ಅಂದರೆ ಮದುಮಗನ ತಂದೆ ತಿಮ್ಮೇಗೌಡರು. ರಂಜಿತಾ ಅವರ ಹಿಂದೆ ನಿಂತಿದ್ದಳು. ಕೂರು ಎಂದು ಯಾರೂ ಹೇಳಿರಲಿಲ್ಲ.

ನಾನು ಲ್ಯಾಪ್‌ಟಾಪಿನ ಮುಂದೆ ಕೂತು ಓಡಿಸಿದೆ. ಹಾರ ಬಂತು. ರಂಜಿತಾ ಹಾರ ಎತ್ತಿ ಮುಂದೆ ಚಾಚಿದಳು. ಪರದೆಯ ಮೇಲೆ ನಿಂಗಮ್ಮನ ಮುಖ. ಹಿಂದಿನ ಸಾಲಿನಲ್ಲಿ ಯಾರೋ ಮಕ್ಕಳು ನಕ್ಕರು. ಧಾರೆಯ ಹಾಲು ಎರೆಯಲು ತಂಬಿಗೆ ಎತ್ತಿದರು. ನಿಂಗಮ್ಮ. ಪುರೋಹಿತರು ತಾಳಿ ಕೈಗಿಟ್ಟರು, ಗಂಡು ತಲೆಯೆತ್ತಿ ನೋಡಿದ. ನಿಂಗಮ್ಮ ಗಂಭೀರವಾಗಿ ತಲೆಯಾಡಿಸಿದರು. ಗಟ್ಟಿಮೇಳ ಹೊಡೆಯಿತು. ಗಂಡುಹೆಣ್ಣು ಬಗ್ಗಿ ಕಾಲಿಗೆ ಬಿದ್ದರು. ನಿಂಗಮ್ಮ ಗಾಳಿ ಬೀಸಿಕೊಂಡರು. ಅಷ್ಟು ಹೊತ್ತಿಗೆ ಮಕ್ಕಳು ಎಣಿಸತೊಡಗಿದ್ದರು. ಹದಿನೇಳು, ಹದಿನೆಂಟು. ದೊಡ್ಡವರು ಬಾಯಿಗೆ ಟವೆಲ್ ಅಡ್ಡ ಹಿಡಿದುಕೊಂಡರು. ರಂಜಿತಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಪುಟ್ಟರಾಜಣ್ಣ ಒಮ್ಮೆ ನನ್ನ ಕಡೆ ನೋಡಿದರು. ಆ ನೋಟವನ್ನು ನಾನು ವರ್ಣಿಸಲಾರೆ. ಆಮೇಲೆ ಗೋಡೆಗೆ ಆತುಕೊಂಡು, ಯಾರಿಗೂ ಕಾಣದ ಹಾಗೆ, ಪ್ಲಗ್ಗಿನ ಕಡೆ ಸರಿಯತೊಡಗಿದರು.

"ಬೀಗ್ರೇ," ಎಂದಿತು ಮೊದಲ ಸಾಲಿನ ದನಿ. ತಲೆ ತಿರುಗಿಸದೆಯೇ ಅಂದರು. "ಆ ವೈರಿನ ತಾವ ಏನ್ ಕೆಲ್ಸ ನಿಮ್ಗೆ? ಬಂದು ಕೂತ್ಕಳಿ."

ಪುಟ್ಟರಾಜಣ್ಣ ಬಂದು ಕೂತರು. ಮಕ್ಕಳ ಎಣಿಕೆ ನಿಂತಿತು. ಉಳಿದ ಇಪ್ಪತ್ತಮೂರು ಸಲವನ್ನು ಇಡೀ ಶಾಮಿಯಾನ ಉಸಿರು ಬಿಗಿಹಿಡಿದು ನೋಡಿತು. ಮುಗಿಯಿತು. ನಿಂಗಮ್ಮನವರು ಸೆರಗು ಸರಿಮಾಡಿಕೊಂಡು ತಮ್ಮನ ಕಡೆ ತಿರುಗಿದರು.

"ನೋಡ್ದೇನೋ ತಿಮ್ಮ. ಆರ ಹಾಕೋಕೂ ನನ್ನ ಕೇಳವ್ರೆ. ಧಾರೆಗೂ ಕೇಳವ್ರೆ. ತಾಳಿ ಕಟ್ಟೋ ಮುಂಚೆ ನಿನ್ ಮಗ ನನ್ ಮಕ ನೋಡವ್ನೆ, ನಾನು ಊ ಅಂದ್ಮೇಲೇ ಕಟ್ಟವ್ನೆ. ಒಂದನ್ನೂ ನನ್ನ ಕೇಳ್ದೆ ಮಾಡಿಲ್ಲ."

ತಿಮ್ಮೇಗೌಡರು ಹೌದಕ್ಕಾ ಅಂದರು. ಬೇರೆ ಏನಾದರೂ ಅನ್ನುವ ಅಭ್ಯಾಸ ಅವರಿಗಿರಲಿಲ್ಲ.

"ನಾನೇ ಅವತ್ತು ಸರ್ಯಾಗಿ ನೋಡ್ನಿಲ್ಲ," ಅಂದು ನಿಂಗಮ್ಮ ಹಿಂದಕ್ಕೆ ಕೈ ಚಾಚಿ ರಂಜಿತಾಳ ಮಣಿಕಟ್ಟು ಹಿಡಿದು ಎಳೆದರು. "ಯಾಕ್ ನಿಂತಿದ್ದೀಯೆ ಕಂಬ ನಿಂತಂಗೆ? ಬಾ, ಇಲ್ ಕೂತ್ಕ." ಪಕ್ಕದ ಕುರ್ಚಿಯಲ್ಲಿದ್ದ ತಿಮ್ಮೇಗೌಡರು ತಾವಾಗಿಯೇ ಎದ್ದರು.

ಆಮೇಲೆ ಅವರ ಕಣ್ಣು ಶಾಮಿಯಾನವನ್ನೆಲ್ಲ ಹುಡುಕಿತು. "ಸೈಡಿಗೋಗಿ ಅಂದ್ನಲ್ಲ, ಆ ಉಡ್ಗ ಎಲ್ಲಿ?"

ಲ್ಯಾಪ್‌ಟಾಪಿನ ಹಿಂದೆ ಬಗ್ಗಿದ್ದ ನನ್ನನ್ನು ಹತ್ತು ಕೈಗಳು ತೋರಿಸಿದವು. ಮೊದಲ ಪಂಕ್ತಿಯಲ್ಲಿ ತಮ್ಮ ಎಡಗಡೆ ಕೂರಿಸಿಕೊಂಡರು. ಮುದ್ದೆ ಹಾಕಿಸಿದರು, ಸಾರು ಬಿಡಿಸಿದರು, ತುಂಡು ಸಾಲದೆಂದು ಬಡಿಸುವವನನ್ನು ಗದರಿಸಿದರು. ಎರಡನೇ ಮುದ್ದೆ ಎಲೆಗೆ ಬಿದ್ದ ಮೇಲೆ ನನ್ನ ಕಡೆ ಬಾಗಿ, ಅದ್ಯಾವಾಗ ಹಿಡಿದುಕೊಂಡೆ ನನ್ನ, ನನಗೆ ಗೊತ್ತೇ ಆಗಲಿಲ್ಲವಲ್ಲ ಎಂದು ಮೆಲ್ಲಗೆ ಕೇಳಿದರು. ನಿಮ್ಮನ್ನು ಆಡಿಕೊಂಡು ನಗಲು ಕದ್ದು ಹಿಡಿದೆ ಎಂದು ಹೇಳುವುದು ನ್ಯಾಯವಾಗಿತ್ತು. ಮುದ್ದೆಯನ್ನು ಅಗಿಯುವ ಪದ್ಧತಿಯಿಲ್ಲ. ಆದರೂ ಅವರು ಬೇರೆ ಕಡೆ ತಿರುಗುವವರೆಗೂ ಅಗಿದೆ.

ವಾಪಸು ಬರುವಾಗ ಅರಕಲಗೂಡು ದಾಟಿದೆವು. ಆಮೇಲೆ ಪುಟ್ಟರಾಜಣ್ಣ, ಸರಿಹೋಯಿತು ಎಂದು ಶನಿವಾರ ನೀನು ಹೇಳಿದ್ದು ಇದನ್ನೇನೋ ಎಂದು ಕೇಳಿದರು. ಹೂಂ ಅಂದೆ. ಒಂದು ಮೈಲಿ ಹೋದ ಮೇಲೆ ಅವರ ಹೆಗಲು ಕುಲುಕತೊಡಗಿತು. ಅಳುತ್ತಿದ್ದಾರೆಂದು ಹೆದರಿದೆ. ನಗುತ್ತಿದ್ದರು.

ಸೋಮವಾರ ಲೋಕಿಗೆ ಫೋನ್ ಮಾಡಿ ಇದ್ದದ್ದನ್ನೆಲ್ಲ ಹೇಳಿದೆ. ಅವನಿಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ. ಪುಟ್ಟರಾಜಣ್ಣ ಪ್ರತಿ ಫಂಕ್ಷನ್ ಆದ ಮೇಲೂ ಕ್ಯಾಮೆರಾದ ಕಾರ್ಡನ್ನು ಪೂರ್ತಿ ಅಳಿಸುತ್ತಿದ್ದರು, ಹಾಗಾಗಿ ಪ್ರತಿ ಸಲವೂ ಶಾಟ್‌ಗಳ ಹೆಸರು ಒಂದನೇ ನಂಬರಿನಿಂದಲೇ ಶುರು. ನಾಟಕದ ಹನ್ನೆರಡನೇ ಶಾಟ್‌ಗೂ ಮದುವೆಯ ಹನ್ನೆರಡನೇ ಶಾಟ್‌ಗೂ ಒಂದೇ ಹೆಸರು. ಎಕ್ಸ್‌ಪೋರ್ಟ್ ಬೇಗ ಆಗಲೆಂದು ಸಾಫ್ಟ್‌ವೇರ್, ನಾವು ಅಲಂಕಾರ ಹಾಕಿದ ತುಣುಕುಗಳ ಒಂದೊಂದು ನಕಲನ್ನು ಶಾಟ್‌ನ ಹೆಸರಿನಲ್ಲೇ ಮಾಡಿಟ್ಟುಕೊಳ್ಳುತ್ತದೆ; ನಾಟಕದಲ್ಲಿ ನಾನು ಅಲಂಕಾರ ಹಾಕಿದ್ದು ಚಂದ್ರಣ್ಣನ ಹಾರಗಳಿಗೆ, ಮದುವೆಯಲ್ಲಿ ಮುಖ್ಯ ಗಳಿಗೆಗಳಿಗೆ. ಅಪ್‌ಗ್ರೇಡ್ ದಿನ ನಾನು ಒತ್ತಿದ ಓಕೆಗಳಲ್ಲಿ ಒಂದು ಎರಡರ ನಕಲುಗಳನ್ನೂ ಒಂದೇ ಫೋಲ್ಡರಿಗೆ ಸುರಿದಿತ್ತು. ಇನ್ನೊಂದು ಓಕೆ, ಎಕ್ಸ್‌ಪೋರ್ಟಿಗೆ ಆ ನಕಲುಗಳನ್ನೇ ಬಳಸು ಎಂದು ಹೇಳಿತ್ತು. ಅದಕ್ಕೇ ಕಂಪ್ಯೂಟರಿನಲ್ಲಿ ಓಡಿಸಿದಾಗ ಎಲ್ಲ ಸರಿಯಿದ್ದು, ಹೊರತೆಗೆದಾಗ ಮಾತ್ರ ಅವನು ಬರುತ್ತಿದ್ದ. ಮೊಬೈಲಿನ ಶಾಟ್‌ಗೆ ಬೇರೆ ಥರದ ಉದ್ದದ ಹೆಸರಾದ್ದರಿಂದ ಅದೊಂದು ಬಚಾವಾಗಿತ್ತು. ರಾಗಿ ಬೀಸಿದ ಗಿರಣಿಯನ್ನು ಗುಡಿಸದೆ ಅಕ್ಕಿ ಸುರಿದರೆ ಹಿಟ್ಟು ಕರ್ರಗಾಗುತ್ತದಲ್ಲ, ಅಷ್ಟೇ. ಒಂದು ಟಿಕ್ ತೆಗೆದು, ಒಂದು ಫೋಲ್ಡರ್ ಖಾಲಿ ಮಾಡಿದೆ. ಎರಡು ನಿಮಿಷದ ಕೆಲಸ. ಅಪ್‌ಗ್ರೇಡ್ ಮಾಡುವುದಾದರೆ ಕೈಯಲ್ಲಿರುವ ಕೆಲಸ ಮುಗಿಸಿ ಮಾಡಿ, ಕೇಳಿದ್ದನ್ನು ಓದಿ ಓಕೆ ಒತ್ತಿ, ತೊಂದರೆ ಕೇಳಿದವರಿಗೆ ನಿಜ ಹೇಳಿ. ಇಷ್ಟನ್ನು ಕಲಿಯಲು ನನಗೆ ಒಂದು ಮದುವೆ, ಒಂದು ನಾಟಕ, ಒಂದು ಬೀಗರ ಊಟ ಬೇಕಾಯಿತು.

ಎಲ್ಲ ಸ್ವಚ್ಛ ಮಾಡಿ, ಹಾರ ಹಾಕಿಸಿಕೊಳ್ಳುವವನು ಮದುಮಗನೇ ಆಗಿರುವ, ನಿಂಗಮ್ಮನವರು ಒಂದೇ ಸಲ ಬರುವ, ನನ್ನ ಒಂಬತ್ತು ವರ್ಷದಲ್ಲೇ ಅತ್ಯುತ್ತಮ ಎನ್ನಬಹುದಾದ ವಿಡಿಯೋ ತಯಾರಿಸಿ ರಾಮನಾಥಪುರಕ್ಕೆ ಕಳಿಸಿದೆವು. ಹದಿನೈದು ದಿನ ಸುದ್ದಿಯಿಲ್ಲ. ಆಮೇಲೆ ರಂಜಿತಾ ಫೋನ್ ಮಾಡಿದಳು. ಮನೆಗೆ ಯಾರು ಬಂದರೂ ಅತ್ತೆಮ್ಮ ಟಿವಿ ಮುಂದೆ ಕೂರಿಸುತ್ತಾರಂತೆ, ಇವಳ ಕೈಯಲ್ಲೇ ಕಾಫಿ ಮಾಡಿಸಿ ಕುಡಿಯುತ್ತ ಬೀಗರ ಊಟದ ದಿನ ತೋರಿಸಿ ನಾವು ಅಲ್ಲೇ ಬಿಟ್ಟುಬಂದಿದ್ದ ಪೆನ್‌ಡ್ರೈವಿನ ವಿಡಿಯೋವನ್ನೇ ಹಾಕಿಸುತ್ತಾರಂತೆ.

ಹೊಸದು ನೋಡಲಿಲ್ಲವಾ ಎಂದು ಕೇಳಿದೆ.

"ನೋಡುದ್ರು ಮಂಜಣ್ಣ, ಒಂದ್ಸಲ," ಅಂದಳು. ಮೆಲ್ಲಗೆ, ಪಕ್ಕದ ಕೋಣೆಗೆ ಕೇಳಿಸದ ಹಾಗೆ. "ಅರ್ಧಕ್ಕೇ ನಿಲ್ಸುಬುಟ್ಟು, 'ಇದ್ರಾಗೆ ಯಾರನ್ನೂ ಕೇಳ್ದಂಗೇ ತಾಳಿ ಕಟ್ಟವ್ನಲ್ಲ, ಇದ್ಯಾರ ಮದ್ವೇನೇ' ಅಂದ್ರು."